ತಾಮ್ರಪತ್ರ ಒಂದು, ಮನೆ ಮೂರು!

ಹುಡಗಿ: ಅಪ್ಪ ತೀರಿಕೊಂಡ. ಮೂವರು ಮಕ್ಕಳು ಬೇರೆಯಾದರು. ಹೊಲ ಮೂರು ಪಾಲಾಯಿತು. ಬಾವಿಯ ನೀರಿಗೆ ವಾರದ ಪಾಳಿ ಹಚ್ಚಿದರು. ಹಿತ್ತಾಳೆ ಹಂಡೆ, ತಾಮ್ರದ ಕೊಡ, ಎತ್ತಿನ ಗಾಡಿ ಎಲ್ಲದಕ್ಕೂ ಪಂಚರು ದಾರಿ ತೋರಿಸಿದರು. ಕೊನೆಗೆ ಗೋಡೆಯ ಮೇಲಿನ ಒಂದು ಸಾಮಾನು ಉಳಿಯಿತು. ಅಲ್ಲಿಗೆ ಪಂಚರ ಬುದ್ಧಿಯೂ ನಿಂತಿತು.

ಅದು ತಾಮ್ರಪತ್ರ. 1972ರಲ್ಲಿ ಸ್ವಾತಂತ್ರ್ಯಕ್ಕೆ 25 ವರ್ಷ ತುಂಬಿದಾಗ ಪ್ರಧಾನಿ ಇಂದಿರಾ ಗಾಂಧಿಯವರು ದೇಶದ ಪರವಾಗಿ ಸ್ವಾತಂತ್ರ್ಯ ಹೋರಾಟಗಾರರಿಗೆ ಕೊಟ್ಟ ತಾಮ್ರದ ತಗಡು. ತೂಕಕ್ಕೆ ಹಾಕಿದರೆ ಗುಜರಿ ಅಂಗಡಿಯವನು ಕೊಡುವ ದುಡ್ಡು ಒಂದು ಹೊತ್ತಿನ ಚಹಾ-ಭಜಿಗೆ ಸಾಕಾದೀತು. ಆದರೆ ಅದರ ಸಲುವಾಗಿ ಈ ಮನೆಯ ಅಣ್ಣತಮ್ಮಂದಿರು ಎರಡು ವರ್ಷ ಮಾತು ಬಿಟ್ಟಿದ್ದರು!

“ಹೊಲ ಹರಿದು ಹಂಚಬಹುದ್ರಿ. ಇದನ್ನ ಹ್ಯಾಂಗ ಕತ್ತರಸೋದು? ಒಬ್ಬನಿಗೆ ಅಪ್ಪನ ಹೆಸರು, ಒಬ್ಬನಿಗೆ ಊರಿನ ಹೆಸರು, ಒಬ್ಬನಿಗೆ ಸಿಂಹದ ಮುದ್ರಿ ಅಂತ ಕೊಡೋಣೇನು?” ಎಂದು ನಡುವಿನವರು ನಗುತ್ತಾರೆ. ಈಗ ನಗುತ್ತಾರೆ. ಆಗ ನಗು ಇರಲಿಲ್ಲ.

ಹೆಸರು ಹಾಕಬೇಡಿ ಎಂದಿದ್ದಾರೆ. ಹಾಕುವುದಿಲ್ಲ. ಹುಮನಾಬಾದ ತಾಲ್ಲೂಕಿನಲ್ಲಿ, ಪಕ್ಕದ ಬಸವಕಲ್ಯಾಣದ ಕಡೆಯಲ್ಲಿ ಇಂಥ ಮನೆ ಇದೊಂದೇ ಅಲ್ಲ ಎನ್ನುವುದು ಓದುಗರಿಗೂ ಗೊತ್ತು.

ಗೋಡೆ ನೋಡಿ ಮನೆ ಹೇಳು

ನಮ್ಮ ಕಡೆ ಪಡಸಾಲೆಯ ಗೋಡೆ ನೋಡಿದರೆ ಆ ಮನೆಯ ಅರ್ಧ ಇತಿಹಾಸ ತಿಳಿಯುತ್ತದೆ. ಪಿಯುಸಿ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೆ ಪುಸ್ತಕದ ಇತಿಹಾಸ ಹತ್ತಲಿಲ್ಲ. ಗೋಡೆಯ ಇತಿಹಾಸ ಮಾತ್ರ ಊರೂರು ತಿರುಗಿ ಒಂದಿಷ್ಟು ಓದಿದ್ದಾನೆ.

ಮೇಲಿನ ಸಾಲು ದೇವರದು: ಬಸವಣ್ಣ, ವೀರಭದ್ರ, ಮಾಣಿಕಪ್ರಭು. ಅದರ ಕೆಳಗಿನ ಸಾಲು ತೀರಿಕೊಂಡ ಹಿರಿಯರದು. ಈ ಎರಡರ ನಡುವೆ ಒಂದು ಜಾಗ ಇರುತ್ತದೆ. ದೇವರೂ ಅಲ್ಲದ, ಬೀಗರೂ ಅಲ್ಲದ ಒಬ್ಬ ಮನುಷ್ಯ ಅಲ್ಲಿ ಕೂತಿರುತ್ತಾನೆ. ಅವನೇ ಆ ಮನೆಯ ರಾಜಕೀಯ!

ಒಂದು ಮನೆಯಲ್ಲಿ ಗಾಂಧಿ, ನೆಹರೂ. ಇನ್ನೊಂದರಲ್ಲಿ ಮಿಲಿಟರಿ ಟೊಪ್ಪಿಗೆಯ ಸುಭಾಷ್. ಆರ್ಯಸಮಾಜದ ಮನೆಯಾದರೆ ದಯಾನಂದ ಸರಸ್ವತಿ. 1938-39ರಲ್ಲಿ ನಿಜಾಮನ ಸರಕಾರದ ವಿರುದ್ಧ ಆರ್ಯಸಮಾಜ ಸತ್ಯಾಗ್ರಹ ಹೂಡಿದಾಗಿನ ನೆನಪು. ದಲಿತರ ಓಣಿಗೆ ಹೋದರೆ ನೀಲಿ ಕೋಟಿನ ಬಾಬಾಸಾಹೇಬರು, ಬಗಲಿಗೆ ಬುದ್ಧ. “ನಮ್ಮ ಮುತ್ಯಾ ಸೊಲ್ಲಾಪುರದ ಗಿರಣ್ಯಾಗ ದುಡೀಲಾಕ ಹೋದಾಗ ತಂದದ್ದರಿ. ಮನಿ ಮೂರು ಸಲ ಬಿದ್ದು ಕಟ್ಟೀವಿ. ಫೋಟೋ ಅದೇ ಅದ” ಎಂದರು ಒಬ್ಬ ತಾಯಿ. ಅವರ ಮನೆಯಲ್ಲಿ ಮೊದಲ ಮೊಳೆ ಹೊಡೆದದ್ದು ಆ ಫೋಟೋಕ್ಕೆ, ಆಮೇಲೆ ಗಡಿಯಾರಕ್ಕೆ.

ಗೇಣಿ ಮಾಡುತ್ತಿದ್ದವರ ಮನೆಗಳಲ್ಲಿ ದೇವರಾಜ ಅರಸು. ಆ ಚಿತ್ರದ ಹಿಂದೆ ಕೈ ಹಾಕಿದರೆ ಒಂದು ಮಡಿಚಿದ ಕಾಗದ ಸಿಗುವುದುಂಟು. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರಕಾರಕ್ಕೆ ಸೇರಿತು. ಉಳುವವರು 7ನೇ ನಂಬರ್ ಫಾರಂ ತುಂಬಿ ಭೂನ್ಯಾಯ ಮಂಡಳಿಗೆ ಅರ್ಜಿ ಕೊಟ್ಟರು. ತೀರ್ಪು ತಮ್ಮ ಕಡೆ ಆದವರಿಗೆ 10ನೇ ನಂಬರಿನ ಪತ್ರ ಬಂತು. ಅದೇ ಆ ಕಾಗದ. ದೇವರ ಜಗಲಿಗಿಂತ ಅರಸು ಫೋಟೋದ ಹಿಂದೆ ಇಟ್ಟರೆ ಭದ್ರ ಎನ್ನುವ ನಂಬಿಕೆ!

ಅಂಗಡಿಕಾರರ ಗಲ್ಲಾದ ಲೆಕ್ಕ ಬೇರೆ. ಗಲ್ಲಾದ ಮೇಲೆ ಲಕ್ಷ್ಮಿ ಖಾಯಂ, ಪಕ್ಕದ ಲೀಡರು ಕಾಲಕ್ಕೆ ತಕ್ಕಂತೆ ಬದಲು. ಆದರೆ ಗಲ್ಲಾದ ಒಳಗೆ ಬೇರೆ ಕಥೆ. ಹುಮನಾಬಾದಿನ ಒಬ್ಬ ಕಿರಾಣಿ ವ್ಯಾಪಾರಿ ಚಿಲ್ಲರೆಯ ಬಟ್ಟಲಿನಿಂದ ಅಜ್ಜನ ಕಾಲದ ತಗಡಿನ ಬಿಲ್ಲೆ ತೆಗೆದು ತೋರಿಸಿದರು: ಜೋಡೆತ್ತು. 1969ರಲ್ಲಿ ಪಕ್ಷ ಒಡೆಯುವ ತನಕ ಕಾಂಗ್ರೆಸ್ಸಿನ ಗುರುತು ಅದೇ. ಆಮೇಲೆ ಇಂದಿರಾ ಗಾಂಧಿಯವರದು ಆಕಳು-ಕರು, 1978ರಿಂದ ಕೈ. ಜನಸಂಘದ್ದು ದೀಪ. 1977ರಲ್ಲಿ ಜನತಾ ಪಕ್ಷದ್ದು ನೇಗಿಲು ಹೊತ್ತ ರೈತ. “ಅಜ್ಜ ಜೋಡೆತ್ತು, ಅಪ್ಪ ನೇಗಿಲು. ನಮ್ಮದು ಈಗ ಯಾವುದೂ ಇಲ್ಲರಿ, ಗಿರಾಕಿ ಹೇಳಿದ್ದಕ್ಕ ಹೌದು ಅಂತೀವಿ” ಎಂದರು. ಬಿಲ್ಲೆಯನ್ನು ಮಾತ್ರ ಯಾವ ಗಿರಾಕಿಗೂ ಕೊಡುವುದಿಲ್ಲವಂತೆ.

ಬೀದರ ಕ್ಷೇತ್ರದಿಂದ ಹಲವು ಸಲ ಲೋಕಸಭೆಗೆ ಹೋದ ರಾಮಚಂದ್ರ ವೀರಪ್ಪನವರು ಮೊದಲು ಕಾಂಗ್ರೆಸ್ಸಿನಿಂದ, ಮುಂದೆ ಬಿಜೆಪಿಯಿಂದ ಗೆದ್ದವರು. 2004ರಲ್ಲಿ ಸಂಸದರಾಗಿರುವಾಗಲೇ ತೀರಿಕೊಂಡರು. ಅವರ ಸಂಗಡ ನಿಂತು ತೆಗೆಸಿಕೊಂಡ ಫೋಟೋ ಎರಡೂ ಪಕ್ಷದವರ ಮನೆಯಲ್ಲಿ ಸಿಗಬಹುದು. ಗೋಡೆಗೆ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲವಲ್ಲ!

ಇಲ್ಲಿ ಸ್ವಾತಂತ್ರ್ಯ ಬಂದದ್ದು ತಡ

ತಾಮ್ರಪತ್ರಕ್ಕೆ ನಮ್ಮ ಕಡೆ ಇಷ್ಟು ತೂಕ ಏಕೆ? ಹೊಸ ಹುಡುಗರಿಗೆ ಎರಡು ಮಾತು ಹೇಳಬೇಕು.

1947ರ ಆಗಸ್ಟ್ 15ರಂದು ಬೆಂಗಳೂರು, ಧಾರವಾಡದಲ್ಲಿ ಬಾವುಟ ಹಾರಿತು. ಬೀದರ, ಗುಲಬರ್ಗಾ, ರಾಯಚೂರುಗಳಲ್ಲಿ ಬಾವುಟ ಹಿಡಿದವರು ಜೈಲಿಗೆ ಹೋದರು. ನಾವು ಆಗ ಹೈದರಾಬಾದ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಪ್ರಜೆಗಳು. ನಿಜಾಮ ಭಾರತಕ್ಕೆ ಸೇರಲು ಒಪ್ಪಿರಲಿಲ್ಲ. 1938ರಲ್ಲಿ ಹುಟ್ಟಿದ ಹೈದರಾಬಾದ ಸ್ಟೇಟ್ ಕಾಂಗ್ರೆಸ್ಸಿನ ಮೇಲೆ ವರ್ಷಗಟ್ಟಲೆ ನಿಷೇಧ ಇತ್ತು. ಸ್ವಾಮಿ ರಮಾನಂದ ತೀರ್ಥರು ಅದರ ಮುಂದಾಳು. ಇತ್ತ ಭಾಲ್ಕಿಯಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗಹಾಕಿ ಒಳಗೆ ಕನ್ನಡ ಕಲಿಸಿದರು.

ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹಳ್ಳಿ ಹಳ್ಳಿಗೆ ಹಬ್ಬಿತು. ಬಸವಕಲ್ಯಾಣದ ಕಡೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಆ ಭಾಗದ ಜನ ಇಂದಿಗೂ ದನಿ ತಗ್ಗಿಸಿ ಹೇಳುತ್ತಾರೆ. ಅಲ್ಲಿನ ಹುತಾತ್ಮರ ಸ್ಮಾರಕ 2023ರ ಮಾರ್ಚ್ 26ರಂದು ಉದ್ಘಾಟನೆಯಾಯಿತು. 103 ಅಡಿ ಎತ್ತರದ ಕಂಬದಲ್ಲಿ ಬಾವುಟ ಏರಿತು.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಹೊರಟಿತು. ಒಂದು ದಂಡು ಸೊಲ್ಲಾಪುರದಿಂದ ನಳದುರ್ಗ, ಉಮರ್ಗಾ, ರಾಜೇಶ್ವರದ ದಾರಿ ಹಿಡಿದು ಬಂತು. ಎಂದರೆ ನಾವು ಈಗ ಬಸ್ಸಿನಲ್ಲಿ ತೂಕಡಿಸುತ್ತ ಹೋಗುವ ಇದೇ ಸೊಲ್ಲಾಪುರ-ಹೈದರಾಬಾದ ರಸ್ತೆ! ಐದು ದಿನಕ್ಕೆ, ಸೆಪ್ಟೆಂಬರ್ 17ಕ್ಕೆ ಕೆಲಸ ಮುಗಿಯಿತು. ನಮ್ಮ ಜನ ಅದನ್ನು ‘ಪೊಲೀಸ್ ಆಕ್ಷನ್’ ಎನ್ನುತ್ತಾರೆ. 2019ರಲ್ಲಿ ಹೈದರಾಬಾದ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದ ಮೇಲೆ ಆ ದಿನ ಕಲ್ಯಾಣ ಕರ್ನಾಟಕ ಉತ್ಸವ.

ಹೀಗಾಗಿ ನಮ್ಮವರಿಗೆ ಸ್ವಾತಂತ್ರ್ಯಕ್ಕೆ ಎರಡು ತಾರೀಖು. ಬೇರೆ ಕಡೆಯವರಿಗೆ ಇದು ತಿಳಿಯುವುದಿಲ್ಲ. ಅದಕ್ಕೇ ತಾಮ್ರಪತ್ರ ಇದ್ದ ಮನೆಯವರಿಗೆ ಅದು ಬರೀ ತಗಡಲ್ಲ, ‘ನಮ್ಮವನೂ ಇದ್ದ’ ಎನ್ನುವುದಕ್ಕೆ ಸರಕಾರದ ಸಹಿ.

1972ರಲ್ಲೇ ಕೇಂದ್ರ ಸರಕಾರ ಹೋರಾಟಗಾರರಿಗೆ ಪಿಂಚಣಿ ಶುರು ಮಾಡಿತು. 1980ರಿಂದ ಅದಕ್ಕೆ ಸ್ವಾತಂತ್ರ್ಯ ಸೈನಿಕ ಸಮ್ಮಾನ್ ಪಿಂಚಣಿ ಎಂದು ಹೆಸರು. ಸಾಮಾನ್ಯವಾಗಿ ಆರು ತಿಂಗಳ ಜೈಲುವಾಸದ ಪುರಾವೆ ಬೇಕು; ಹೆಂಗಸರಿಗೆ, ಪರಿಶಿಷ್ಟರಿಗೆ ಮೂರು ತಿಂಗಳು. ಹೋರಾಟಗಾರ ತೀರಿದ ಮೇಲೆ ಹೆಂಡತಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಸಿಗುತ್ತದೆ. ಗಂಡುಮಕ್ಕಳಿಗೆ ಇಲ್ಲ. ಗಂಡುಮಕ್ಕಳ ಪಾಲಿಗೆ ಉಳಿಯುವುದು ಗೋಡೆಯ ಮೇಲಿನ ತಗಡು ಮಾತ್ರ. ಜಗಳದ ಮೂಲ ಇಲ್ಲಿದೆ!

1357ನೇ ಇಸವಿಯ ಕಾಗದ!

ಹುಡಗಿಯ ಮೂವರು ಅಣ್ಣತಮ್ಮಂದಿರ ಕಡೆ ತಿರುಗೋಣ. ತಾಮ್ರಪತ್ರ ಹಿರಿಯನ ಮನೆಯಲ್ಲಿ ಇತ್ತು. ಕಿರಿಯನಿಗೆ ಅಪ್ಪನ ಟ್ರಂಕು ಬಂದಿತ್ತು. ಅದರಲ್ಲಿ ಖಾದಿ ಟೊಪ್ಪಿಗೆ, ನೂಲುವ ತಕಲಿ, ಸೆಪ್ಟೆಂಬರ್ 17ರ ಒಂದು ಸನ್ಮಾನದ ಶಾಲು, ತಳದಲ್ಲಿ ಹಳದಿಯಾದ ಒಂದು ಉರ್ದು ಕಾಗದ. ಕಿರಿಯನ ಮಗ ಕಾಲೇಜು ಹುಡುಗ. ಯಾರೋ ಅಂಕಿ ಓದಿ ಹೇಳಿದರು: 1357.

ಹುಡುಗ ಕುಣಿದಾಡಿದ. 1347ರಲ್ಲಿ ಬಹಮನಿ ರಾಜ್ಯ ಶುರು, ಇದು 1357, ಹಾಗಾದರೆ ನಮ್ಮ ಮನೆಯಲ್ಲಿ ಬಹಮನಿ ಸುಲ್ತಾನನ ಫರ್ಮಾನು! ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಿದ. ಹೈದರಾಬಾದಿನ ಕಡೆಯ ಹಳೇ ಸಾಮಾನಿನ ದಲ್ಲಾಳಿಯೊಬ್ಬ ಬಂದೇಬಿಟ್ಟ. ಕಾಗದಕ್ಕೊಂದು ರೇಟು, ತಾಮ್ರಪತ್ರಕ್ಕೊಂದು ರೇಟು, ಎರಡೂ ಸೇರಿದರೆ ಇನ್ನೊಂದು ರೇಟು. ತಾಮ್ರಪತ್ರ ಮಾರಿ ದುಡ್ಡು ಮೂರು ಪಾಲು ಮಾಡಿದರೆ ಜಗಳವೇ ಇಲ್ಲ ಎನ್ನುವ ತನಕ ಮಾತು ಹೋಯಿತು.

ಆಗ ಮನೆಯ ಹಿರಿಯ ಸೊಸೆ ಅಡ್ಡ ಬಂದಳು. “ಮಾರೋದು ಆಮ್ಯಾಲ. ಮೊದಲ ಅದರಾಗ ಏನು ಬರ್ದದ ಅಂತ ಚಾಚಾನ ಕಡೆ ಓದಿಸ್ಕೊಂಡು ಬರ್ರಿ.”

ಚಾಚಾ ಎಂದರೆ ಓಣಿಯ ನಿವೃತ್ತ ಮಾಸ್ತರರು. ಎಂಬತ್ತರ ಆಸುಪಾಸು. ಅಚ್ಚಿನ ಉರ್ದು ಓದುವವರು ಊರಲ್ಲಿ ಬೇಕಾದಷ್ಟು ಜನ. ಹಳೇ ಕಚೇರಿಯ ಗೀಚು ಬರಹ, ಶಿಕಸ್ತಾ, ಓದುವವರು ಬೆರಳೆಣಿಕೆ. ನಿಜಾಮನ ಕಾಲದಲ್ಲಿ ಕೋರ್ಟು, ಕಂದಾಯ, ಪೊಲೀಸ್, ಜೈಲು ಎಲ್ಲವೂ ಉರ್ದುವಿನಲ್ಲೇ ನಡೆದದ್ದರಿಂದ ನಮ್ಮ ಭಾಗದ ಹಳೇ ಹೊಲದ ಕಾಗದಗಳ ಕೀಲಿ ಇಂಥವರ ಕೈಯಲ್ಲಿದೆ.

ಚಾಚಾ ಕನ್ನಡಕ ಏರಿಸಿ ಓದಿದರು. ನಕ್ಕರು. “ತಮ್ಮಾ, ಇದು ಇಸವಿ ಅಲ್ಲ, ಫಸಲಿ. ಇದಕ್ಕ 590 ಕೂಡಿಸಬೇಕು. ಜನವರಿ ದಾಟಿದ ತಿಂಗಳಾದ್ರ 591. ಇಲ್ಲಿ ಆಬಾನ್ ತಿಂಗಳದ. ಅಂದ್ರ 1948ರ ಸೆಪ್ಟೆಂಬರ್. ಇದು ಸುಲ್ತಾನಂದಲ್ಲ, ನಿಮ್ಮ ಮುತ್ಯಾನ ಜೈಲಿನ ರಿಹಾಯಿ ಚೀಟಿ. ಏಳು ತಿಂಗಳು ಒಳಗಿದ್ದು ಹೊರಗ ಬಂದಾಗ ಕೊಟ್ಟದ್ದು.”

ಹುಡುಗನ ಮುಖ ಇಳಿಯಿತು. ದಲ್ಲಾಳಿ ಅಂದೇ ಬಸ್ಸು ಹಿಡಿದ. ಮಾತು ಅಲ್ಲಿಗೆ ಮುಗಿಯಬೇಕಿತ್ತು.

ತಾಮ್ರದಲ್ಲಿ ಬರೆಯದ ಮಾತು

ಹುಡುಗ ಸುಮ್ಮನೆ ಕೇಳಿದ: “ಚಾಚಾ, ನಿಮ್ಮ ಮನ್ಯಾಗ ಆಗಿನದು ಏನರ ಅದ ಏನ್ರಿ?”

ಚಾಚಾನ ಗೋಡೆ ಖಾಲಿ. ಒಂದು ಕಾಬಾದ ಚಿತ್ರ, ಒಂದು ಕ್ಯಾಲೆಂಡರು, ಅಷ್ಟೇ. ಅವರು ಒಳಗೆ ಹೋಗಿ ಬಟ್ಟೆಯ ಗಂಟು ತಂದರು. ಅದರಲ್ಲಿ ಚಾರ್ ಮಿನಾರಿನ ಚಿತ್ರವಿದ್ದ ಒಂದು ಬೆಳ್ಳಿ ರೂಪಾಯಿ. ಹಾಲಿ ಸಿಕ್ಕಾ. ಇಂಗ್ಲಿಷರ ಕಲ್ದಾರ ರೂಪಾಯಿ ಆರಕ್ಕೆ ಹಾಲಿ ಏಳು ಎಂದು ಅಂಗಡಿಕಾರರು ಲೆಕ್ಕ ಹಾಕುತ್ತಿದ್ದ ಕಾಲದ್ದು. 1950ರ ದಶಕ ಮುಗಿಯುವಷ್ಟರಲ್ಲಿ ಆ ನಾಣ್ಯ ಚಲಾವಣೆಯಿಂದಲೇ ಹೋಯಿತು.

ಆ ಸೆಪ್ಟೆಂಬರಿನಲ್ಲಿ ಚಾಚಾ ನಾಲ್ಕು ವರ್ಷದ ಕೂಸು. ರಜಾಕಾರರು ಮಾಡಿದ್ದಕ್ಕೆ ರಜಾಕಾರರಲ್ಲದವರೂ ಬೆಲೆ ತೆತ್ತ ದಿನಗಳು ಅವು. ಕೇಂದ್ರ ಸರಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ 1948ರ ಕೊನೆಗೆ ಹಳ್ಳಿಗಳನ್ನು ಸುತ್ತಿತು. ಕಡಿಮೆ ಎಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತಿದ್ದಾರೆ ಎಂದು ಅಂದಾಜು ಮಾಡಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ, ನಾಂದೇಡ, ಗುಲಬರ್ಗಾಗಳ ಜೊತೆ ನಮ್ಮ ಬೀದರವೂ ಇತ್ತು. ಆ ವರದಿ ಜನರ ಕೈಗೆ ಸಿಕ್ಕದ್ದು 2013ರಲ್ಲಿ.

ಚಾಚಾನ ತಂದೆ ಸಂತೆಗೆ ಹೋದವರು ತಿರುಗಿ ಬರಲಿಲ್ಲ. ತಾಯಿ ಸೀರೆಯ ಚುಂಗಿಗೆ ಕಟ್ಟಿಕೊಂಡು ಉಳಿಸಿದ್ದು ಈ ಒಂದು ರೂಪಾಯಿ. “ನಾಣ್ಯ ನಡೀದಂಗ ಆದ ಮ್ಯಾಲೂ ಅಮ್ಮಿ ಇದನ್ನ ಕರಗಿಸಲಿಲ್ಲ” ಎಂದರು. ಆಮೇಲೆ ಜೈಲು ಚೀಟಿಯನ್ನು ಮಡಿಚಿ ಹುಡುಗನ ಕೈಗೆ ಕೊಡುತ್ತ ಹೇಳಿದರು:

“ಈ ಚೀಟಿ ತಗೊಂಡು ನಿಮ್ಮ ಮುತ್ಯಾ ಊರಿಗಿ ಬಂದಾಗ ಜನ ಹಾರ ಹಾಕಲಾಕ ನಿಂತಿದ್ರಂತ. ಅವರು ಮೊದಲ ನಮ್ಮ ಬಾಗಿಲಿಗಿ ಬಂದ್ರು. ಅಮ್ಮಿಗಿ, ನನಗ, ನಮ್ಮ ಅಕ್ಕಗ ಕರ್ಕೊಂಡು ಹೋಗಿ ಜ್ವಾಳದ ಹಗೇದ ಬಾಜೂಕಿನ ಖೋಲ್ಯಾಗ ಹನ್ನೊಂದು ದಿನ ಇಟ್ಕೊಂಡ್ರು. ಬಾಗಿಲಿಗಿ ತಾವೇ ಮಲಗ್ತಿದ್ರು. ಜೈಲಿಗಿ ಹೋಗಿದ್ದಕ್ಕ ಸರಕಾರ ತಾಮ್ರಪತ್ರ ಕೊಡ್ತು. ಇದಕ್ಕ ಯಾರೂ ಕೊಟ್ಟಿಲ್ಲ. ಅವರೂ ಯಾರಿಗಿ ಹೇಳ್ದಂಗ ಕಾಣಲ್ಲ.”

ಹೌದು, ಹೇಳಿರಲಿಲ್ಲ. ಮೂವರು ಮಕ್ಕಳಿಗೂ ಇದು ಹೊಸ ಸುದ್ದಿ. ಹಿರಿಯವರಿಗೆ ಈಗ ಎಪ್ಪತ್ತು. ಅಪ್ಪನ ಬಾಯಿಂದ ಜೈಲಿನ ಕಥೆ ನೂರು ಸಲ ಕೇಳಿದ್ದಾರೆ, ಹಗೇವಿನ ಕೋಣೆಯ ಕಥೆ ಒಂದು ಸಲವೂ ಕೇಳಿಲ್ಲ. ಆ ಕೋಣೆ ಪಾಲಿನಲ್ಲಿ ನಡುವಿನವರಿಗೆ ಬಂದಿತ್ತು. ಅವರು ಅದರಲ್ಲಿ ಗೊಬ್ಬರದ ಚೀಲ ಒಟ್ಟಿದ್ದರು.

ಅಂದು ಸಂಜೆ ಮೂವರೂ ಒಂದೇ ಕಟ್ಟೆಯ ಮೇಲೆ ಕೂತರು. ಎರಡು ವರ್ಷದ ನಂತರ! ತಾಮ್ರಪತ್ರ ಮಾರುವ ಮಾತು ಮತ್ತೆ ಏಳಲಿಲ್ಲ. ಬಾವಿಯ ನೀರಿಗೆ ಇದ್ದ ಪಾಳಿ ತಾಮ್ರಪತ್ರಕ್ಕೂ ಬಂತು: ಸೆಪ್ಟೆಂಬರ್ 17ರಿಂದ ಸೆಪ್ಟೆಂಬರ್ 17ರ ತನಕ ಒಬ್ಬರ ಮನೆ. ಜೈಲು ಚೀಟಿ ಕಿರಿಯನ ಮನೆಯಲ್ಲೇ. ಹುಡುಗ ಚಾಚಾ ಹೇಳಿದ್ದನ್ನೆಲ್ಲ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿದ್ದಾನೆ. ತಾಮ್ರಪತ್ರ ಮನೆ ಬದಲಿಸುವಾಗ ನೋಟ್‌ಬುಕ್ಕೂ ಜೊತೆಗೆ ಹೋಗಬೇಕು ಎಂದು ಕರಾರು.

ಹುಣಸೆಹಣ್ಣು ಬೇಡ, ತಾಯಂದಿರೇ!

ಇನ್ನೊಂದು ಮಾತು. ಈ ಮನೆಯ ತಾಮ್ರಪತ್ರವನ್ನು ಕೈಗೆ ತೆಗೆದುಕೊಂಡು ನೋಡಿದರೆ ಫಳಫಳ ಹೊಳೆಯುತ್ತದೆ. ಆದರೆ ಅಕ್ಷರ ತಡಕಾಡಬೇಕು. ಪ್ರತಿ ಸೆಪ್ಟೆಂಬರಿಗೆ, ಪ್ರತಿ ದೀಪಾವಳಿಗೆ ಸೊಸೆಯಂದಿರು ಭಕ್ತಿಯಿಂದ ಹುಣಸೆಹಣ್ಣು-ಬೂದಿ ಹಚ್ಚಿ ತಿಕ್ಕಿದ್ದಾರೆ. ಐವತ್ತು ವರ್ಷದ ತಿಕ್ಕಾಟಕ್ಕೆ ಮಾವನ ಹೆಸರಿನ ಮೊದಲ ಅಕ್ಷರವೇ ಸವೆದಿದೆ!

ತಾಮ್ರ ಕಪ್ಪಾದರೆ ಕಪ್ಪಾಗಲಿ. ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಹಳೇ ಕಾಗದವನ್ನು ಲ್ಯಾಮಿನೇಷನ್ ಅಂಗಡಿಗೆ ಒಯ್ಯಬೇಡಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕು ಮುಂದೆ ಬಿಡುವುದಿಲ್ಲ. ಹರಿದಲ್ಲಿ ಸೆಲೋಟೇಪು ಬೇಡ, ಅದರ ಅಂಟು ಹಳದಿಯಾಗಿ ಕಾಗದ ತಿನ್ನುತ್ತದೆ. ಫೋಟೋವನ್ನು ಮಳೆಗಾಲದಲ್ಲಿ ಹಸಿಯಾಗುವ ಗೋಡೆಗೆ ಹಾಕಬೇಡಿ. ಹಿಂದಿನ ರಟ್ಟಿಗೆ ಗೆದ್ದಲು ಹತ್ತಿದ್ದು ಮುಂದೆ ಕಾಣುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಉರ್ದು ಕಾಗದ ಇದ್ದವರು ಓದುವ ಹಿರಿಯರು ಇರುವಾಗಲೇ ಓದಿಸಿ, ಕನ್ನಡದಲ್ಲಿ ಬರೆಸಿ, ಎರಡನ್ನೂ ಒಂದೇ ಕಡೆ ಇಡಿ. ಮೊಬೈಲಿನಲ್ಲಿ ಒಂದು ಫೋಟೋ ಹೊಡೆದು ಮೂರು ಮಂದಿಗೆ ಕಳಿಸಿಟ್ಟರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಇಟ್ಟುಕೊಳ್ಳಲು ಆಗದವರು ಗುಜರಿಗೆ ಹಾಕುವ ಮೊದಲು ರಾಜ್ಯ ಪತ್ರಾಗಾರ ಇಲಾಖೆಗೆ ಒಂದು ಪತ್ರ ಬರೆಯಿರಿ.

ಫೋಟೋ ಉಳಿದು ಹೆಸರು ಮರೆತ ಮನೆಗಳೂ ಇವೆ. ಈ ಭಾಗದ ಒಂದು ಪಡಸಾಲೆಯಲ್ಲಿ ಗಾಂಧಿ ಟೊಪ್ಪಿಗೆಯ ಒಬ್ಬರ ದೊಡ್ಡ ಫೋಟೋ ಇತ್ತು, ಹಾರ ಇತ್ತು, ಊದಿನಕಡ್ಡಿಯೂ ಇತ್ತು. ಯಾರಿವರು ಎಂದು ಕೇಳಿದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡಿದರು. “ಯಾರೋ ಹಿರಿಯರರಿ. ಮೊದಲಿಂದ ಅದಾರ” ಎಂದರು.

ಬಸ್ಸಿನಲ್ಲಿ ನಿಂತು ಇದನ್ನು ಓದುತ್ತಿರುವವರೇ, ಗಲ್ಲಾದ ಮುಂದೆ ಕೂತವರೇ, ಇವತ್ತು ರಾತ್ರಿ ಮನೆಗೆ ಹೋದ ಮೇಲೆ ಒಂದು ಸಲ ನಿಮ್ಮ ಗೋಡೆ ನೋಡಿ. ಆ ನಡುವಿನ ಸಾಲಿನಲ್ಲಿ ಇರುವವರು ಯಾರು, ಅಲ್ಲಿಗೆ ಹೇಗೆ ಬಂದರು ಎಂದು ಮನೆಯ ಹಿರಿಯರನ್ನು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಬಾಜೂ ಮನೆಯವರನ್ನು ಕೇಳಿ. ಹುಡಗಿಯಲ್ಲಿ ಉತ್ತರ ಸಿಕ್ಕದ್ದು ಬಾಜೂ ಮನೆಯಲ್ಲೇ.